ಅಜ್ಜಿ ಮಾತಾಡುವ ಡಿವಿಡಿ

ಅಕ್ಕನಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವವರ ಮನೆಯೊಂದರಲ್ಲಿ ನೂಲು ಸುತ್ತುವ ಕೆಲಸ ಮಾಡುತ್ತಾಳೆ. ನಾನು ಹನೂರಿನಲ್ಲಿ ಪ್ರಾಥಮಿಕ ಶಾಲೆಯ ಟೀಚರ್. ಒಂದು ಭಾನುವಾರ ಬೆಳಿಗ್ಗೆ ಅವಳು ಹೇಳದೆ ಕೇಳದೆ ನಮ್ಮ ಮನೆಗೆ ಬಂದಳು. ಬ್ಯಾಗಿನಿಂದ ನನ್ನ ಮದುವೆಯ ಡಿವಿಡಿ ತೆಗೆದು ಮೇಜಿನ ಮೇಲಿಟ್ಟು, ಫೋನಿನಲ್ಲಿ ಬರೆದು ತೋರಿಸಿದಳು: "ಇದರಲ್ಲಿ ಅಜ್ಜಿ ಇದ್ದಾಳೆ. ನನ್ನ ಫೋನಿಗೆ ಬೇಕು. ಎಲ್ಲರಿಗೂ ಕಳಿಸಬೇಕು."

ನಾನು ಗೋಡೆಯ ಮೇಲಿದ್ದ ಅಜ್ಜಿಯ ಫೋಟೋ ತೋರಿಸಿದೆ. ಅವಳು ಮತ್ತೆ ಬರೆದಳು: "ಫೋಟೋದಲ್ಲಿ ಅಜ್ಜಿ ಮಾತಾಡಲ್ಲ."

ಅಜ್ಜಿ ಎಂದರೆ ಅಪ್ಪನ ತಾಯಿ. ಅಕ್ಕ ಮೈಸೂರಿನ ಶಾಲೆಗೆ ಹೋಗಿ ಓದುಬರಹ ಕಲಿಯುವುದಕ್ಕೂ ಮೊದಲೇ ಅವರಿಬ್ಬರೂ ಕೈಯಲ್ಲೇ ಮಾತಾಡಿಕೊಳ್ಳುತ್ತಿದ್ದರು. ಆ ಸನ್ನೆಗಳನ್ನು ಅವರೇ ಮಾಡಿಕೊಂಡಿದ್ದು. ನಮಗ್ಯಾರಿಗೂ ಅದು ಪೂರ್ತಿ ಬರುತ್ತಿರಲಿಲ್ಲ. ಅಕ್ಕನಿಗೆ ಏನಾದರೂ ಹೇಳಬೇಕಾದರೆ ಅಜ್ಜಿಯನ್ನೇ ಕರೆಯುತ್ತಿದ್ದೆವು. ಅಜ್ಜಿ ಹೋದಮೇಲೆ ಅಕ್ಕನ ಜೊತೆ ನಮ್ಮ ಮಾತೆಲ್ಲ ಫೋನಿನಲ್ಲಿ ಬರೆದು ತೋರಿಸುವುದೇ.

ನಮ್ಮ ಮನೆಯ ಡಿವಿಡಿ ಪ್ಲೇಯರ್ ಎಂದೋ ಗುಜರಿ ಸೇರಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಹನೂರಿನ ಕಂಪ್ಯೂಟರ್ ಸೆಂಟರಿನವನು ಡಿಸ್ಕನ್ನು ತಿರುಗಿಸಿ ತಿರುಗಿಸಿ ನೋಡಿ, "ಡಿವಿಡಿನಾ? ಅದ್ರ ಕಾಲ ಓಯ್ತು ಬುಡಿ ಮೇಡಂ" ಎಂದ. ನಾನಾಗಿದ್ದರೆ ಮನೆಗೆ ವಾಪಸಾಗುತ್ತಿದ್ದೆ. ಅಕ್ಕ ಆಗಲೇ ಬಸ್ ಸ್ಟ್ಯಾಂಡಿನ ಕಡೆ ಹೊರಟಿದ್ದಳು.

ಕೊಳ್ಳೇಗಾಲದಲ್ಲಿ ಹಳೆಯ ಸ್ಟುಡಿಯೋ ಒಂದಿತ್ತು. ಅದರ ಮಾಲೀಕರು ವಯಸ್ಸಾದವರು, ಕಂಪ್ಯೂಟರೂ ವಯಸ್ಸಾದದ್ದು. ಡಿಸ್ಕ್ ಒಳಗೆ ಹೋಗಿ ಗುರ್ರೆಂದು ತಿರುಗಿತು. ಧಾರೆಗೆ ಮುಂಚೆಯೇ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಟ್ಟಿತು.

"ಗೆರೆ ಬಿದ್ದದೆ ಕಣವ್ವ. ಅರ್ಧಕ್ಕೆ ನಿಂತೋಯ್ತದೆ. ಆಲ್ಬಮ್ ಇಲ್ವಾ? ಅದ್ನೇ ನೋಡ್ಕಳಿ," ಎಂದರು.

ಅವರ ಮುಖ ನೋಡಿಯೇ ಅಕ್ಕನಿಗೆ ಅರ್ಥವಾಯಿತು. ಡಿಸ್ಕನ್ನು ಕೇಳಿ ತೆಗೆದುಕೊಂಡು, ಸ್ಟುಡಿಯೋ ಹಿಂದಿನ ನಲ್ಲಿಯಲ್ಲಿ ಸೋಪು ಹಚ್ಚಿ ತೊಳೆದು, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ತಂದಳು. ಈ ಸಲ ಇನ್ನೊಂದಿಷ್ಟು ಮುಂದೆ ಹೋಗಿ ನಿಂತಿತು. ಅಕ್ಕ ಏನೂ ಮಾಡಲಿಲ್ಲ. ಅಲ್ಲಿದ್ದ ಸ್ಟೂಲ್ ಎಳೆದುಕೊಂಡು ಕುಳಿತಳು, ಅಷ್ಟೇ.

ಮಾಲೀಕರು ಅವಳನ್ನು ನೋಡಿದರು, ನನ್ನನ್ನು ನೋಡಿದರು. "ಇವಮ್ಮ ಬುಡಾಕಿಲ್ಲ ಅಂತ ಕಾಣ್ತದೆ" ಎಂದು ನಗುತ್ತಾ ಅಟ್ಟದಿಂದ ಡಿಸ್ಕ್ ಓದುವ ಬೇರೊಂದು ಡ್ರೈವ್ ಇಳಿಸಿ, ದೂಳು ಊದಿ ಜೋಡಿಸಿದರು. ಅದು ನಿಧಾನವಾಗಿ, ತಡವರಿಸುತ್ತಾ ಓದಿತು. ನಾವು ಊಟ ಮುಗಿಸಿ ಬರುವಷ್ಟರಲ್ಲಿ ಮದುವೆಯೆಲ್ಲ ಪೆನ್‌ಡ್ರೈವ್ ಸೇರಿತ್ತು.

ಆದರೆ ಆ ಫೈಲುಗಳು ಫೋನಿನಲ್ಲಿ ತೆರೆಯಲಿಲ್ಲ. ಅವನ್ನು ಎಂಪಿ೪ ಮಾಡಿಕೊಳ್ಳಬೇಕೆಂದು ಮಾಲೀಕರು ಮೊದಲೇ ಹೇಳಿ, ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಒಂದನ್ನೂ ತಿಳಿಸಿದ್ದರು. ಮನೆಗೆ ಬಂದು ನನ್ನ ಲ್ಯಾಪ್‌ಟಾಪಿನಲ್ಲಿ ಮೊದಲ ಸಲ ಮಾಡಿದಾಗ ಎಲ್ಲರೂ ಚಪ್ಪಟೆಯಾಗಿ, ಅಗಲಗಲ ಕಂಡರು. ಅಕ್ಕ ಮುಖ ಗಂಟಿಕ್ಕಿ ಬೆರಳಲ್ಲೇ "ಮತ್ತೊಮ್ಮೆ" ಎಂದಳು. ಮತ್ತೆ ಮಾಡಿದೆ. ಸರಿಬಂತು. ಪೂರ್ತಿ ಮದುವೆ ವಾಟ್ಸಾಪಿನಲ್ಲಿ ಹೋಗುವಂತಿರಲಿಲ್ಲ. ಅಜ್ಜಿ ಇರುವ ಭಾಗವನ್ನಷ್ಟೇ ಕತ್ತರಿಸೋಣ ಎಂದುಕೊಂಡೆ.

ಅಜ್ಜಿ ಸಿಕ್ಕಿದ್ದು ನನ್ನ ಮದುವೆ ನಡೆದ ಯಳಂದೂರಿನ ಕಲ್ಯಾಣ ಮಂಟಪದ ಊಟದ ಹಾಲಿನ ಬಾಗಿಲಲ್ಲಿ. ವೀಡಿಯೋದವರು ಉದ್ದಕ್ಕೂ ಸಿನಿಮಾ ಹಾಡು ತುಂಬಿಸಿದ್ದರು. ಅಪ್ಪ ಏನು ಹೇಳಿದರು, ನೆಂಟರು ಏನು ಹೇಳಿದರು, ಒಂದೂ ಕೇಳದು. ಆ ಹಾಡಿನ ಗದ್ದಲದಲ್ಲಿ ಅಜ್ಜಿ ಅಕ್ಕನ ಎದುರು ನಿಂತು ಎರಡೂ ಕೈ ಆಡಿಸುತ್ತಿದ್ದಳು. ಒಂದಕ್ಷರವೂ ಕಳೆದುಹೋಗಿರಲಿಲ್ಲ.

"ಏನು ಹೇಳ್ತಿದ್ದಾಳೆ?" ಬರೆದು ಕೇಳಿದೆ.

ಅಕ್ಕ ಒಂದೊಂದೇ ಸನ್ನೆಗೆ ವೀಡಿಯೋ ನಿಲ್ಲಿಸುತ್ತಾ ಬರೆದಳು. ಮೂಗಿನ ಪಕ್ಕ ಬೆರಳಿಟ್ಟರೆ ದೊಡ್ಡ ಮೂಗುಬೊಟ್ಟಿನ ಅತ್ತೆ, ಅಂದರೆ ಅಜ್ಜೀಪುರದ ನಮ್ಮ ಸೋದರತ್ತೆ. "ಅತ್ತೆ ಮಾತು ಕೇಳಬೇಡ. ದೊಡ್ಡವಳಿಗೆ ಮದುವೆ ಆಗಿಲ್ಲ, ಎದುರಿಗೆ ಬರಬೇಡ ಅಂದಳು ಅಂತ ಬಚ್ಚಿಟ್ಟುಕೊಳ್ಳಬೇಡ. ಸ್ಟೇಜ್ ಮೇಲೆ ಹೋಗು. ತಂಗಿ ಪಕ್ಕ ನಿಲ್ಲು. ಯಾರು ಏನಂದರೂ ನಾನಿದ್ದೀನಿ."

ನನಗೆ ಇದು ಯಾವುದೂ ಗೊತ್ತಿರಲಿಲ್ಲ. ಅಂದು ಅಕ್ಕ ಇದ್ದಕ್ಕಿದ್ದಂತೆ ಸ್ಟೇಜಿಗೆ ಬಂದು ನನ್ನ ತೋಳು ಹಿಡಿದು ನಿಂತದ್ದು ಮಾತ್ರ ನೆನಪಿತ್ತು.

ಅಜ್ಜಿಯ ಮಾತನ್ನು ಚಿತ್ರದ ಕೆಳಗೆ ಅಕ್ಷರದಲ್ಲಿ ಹಾಕಬೇಕೆಂದು ಅಕ್ಕ ಹಟ ಹಿಡಿದಳು. ಅತ್ತೆಯ ಸಾಲನ್ನು ಬಿಟ್ಟುಬಿಡೋಣ, ಮನೆಯವರ ಗ್ರೂಪಿನಲ್ಲಿ ಅವರೂ ಇದ್ದಾರೆ, ನೊಂದುಕೊಳ್ಳುತ್ತಾರೆ ಎಂದು ಬರೆದೆ. ಅವಳು ಬರೆದಳು: "ಅಜ್ಜಿ ಹೇಳಿದ್ದು. ನಾನು ಬದಲಾಯಿಸಲ್ಲ."

ಇದ್ದದ್ದು ಇದ್ದಂತೆ ಹಾಕಿ ಕಳಿಸಿದೆವು.

ಅತ್ತೆಯ ಫೋನು ಮರುದಿನ ಬಂತು. "ನಮ್ಮವ್ವ ಅಂಗಂದಿದ್ಲಾ?" ಎಂದರು. "ಅನ್ನೋ ಅಂಥದ್ನೇ ಅಂದವಳೆ. ನಾನೂ ಮಾಡ್ಬಾರದ್ನ ಮಾಡ್ದೆ ಕಣವ್ವ. ನಮ್ಮ ಹೈದನ ಮದ್ವೆ ಡಿವಿಡೀಲೂ ಅವ್ವ ಅವಳೆ. ನಿಮ್ಮಕ್ಕನ್ನ ಕರ್ಕಂಡು ಬಾ."

ಅಜ್ಜೀಪುರದಲ್ಲಿ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಅಕ್ಕನನ್ನು ಒಳಗೆ ಕರೆದೊಯ್ದು, ಟ್ರಂಕಿನಿಂದ ಡಿಸ್ಕುಗಳನ್ನು ತೆಗೆದು ಅವಳ ಮಡಿಲಿಗೇ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, "ಇದ್ರಲ್ಲೂ ನನ್ನ ಬಯ್ದಿರ್ತಾಳೆ. ಬಯ್ದಿದ್ರೆ ಅಂಗೇ ಬರಿ ಅಂತ ಅವಳ್ಗೆ ಏಳು" ಎಂದರು.

ಬರೆದು ತೋರಿಸಿದೆ. ಅಕ್ಕ ಓದಿ, ಅತ್ತೆಯ ಮುಖವನ್ನೇ ನೋಡಿ, ಆಗಲಿ ಎಂದು ಗಟ್ಟಿಯಾಗಿ ತಲೆಯಾಡಿಸಿದಳು. ಆ ಡಿಸ್ಕುಗಳನ್ನೂ ಕೊಳ್ಳೇಗಾಲದ ಸ್ಟುಡಿಯೋದಲ್ಲಿ ಪೆನ್‌ಡ್ರೈವಿಗೆ ಹಾಕಿಸಿಕೊಂಡು, ಮುಂದಿನ ಭಾನುವಾರ ಮೂವರೂ ಲ್ಯಾಪ್‌ಟಾಪಿನ ಮುಂದೆ ಕುಳಿತೆವು.