ಎಡಗಡೆಯ ಸ್ಪೀಕರುಗಳು

ಹರಿದ ಸ್ಪೀಕರನ್ನು ನೀವು ಎಂದಾದರೂ ಕೈಯಲ್ಲಿ ಹಿಡಿದು ನೋಡಿದ್ದೀರಾ? ಸುಟ್ಟ ಹಪ್ಪಳದ ಹಾಗೆ ಅಂಚೆಲ್ಲ ಮುಟ್ಟಿದರೆ ಪುಡಿಯಾಗುತ್ತದೆ. ಹೋದ ತಿಂಗಳು ಪೀಣ್ಯದ ಒಂದು ಅಂಗಡಿಯಲ್ಲಿ ಅಂಥ ಎರಡನ್ನು ನನ್ನ ಕೈಗಿಟ್ಟರು. ನನ್ನ ಕಾರಿನವು. ಚರ್ಮದ ಸೀಟು, ಒಳಗೆಲ್ಲ ಮರದ ಪಟ್ಟಿ ಇರುವ ವಿದೇಶಿ ಕಾರು. ಆದರೆ ವಯಸ್ಸಾಗಿದೆ, ಹಿಂದಿನ ಒಂದು ಕಿಟಕಿ ಇಳಿದರೆ ಏರುವುದಿಲ್ಲ. ಇದನ್ನು ಯಾಕೆ ಕೊಂಡಿರಿ ಎಂದು ಹೆಂಡತಿ ಕೇಳಿದಾಗೆಲ್ಲ ಎಂಜಿನ್ನಿನ ಗುಣಗಾನ ಮಾಡುತ್ತೇನೆ. ನಿಜವಾದ ಕಾರಣ ನಿಮಗೆ ಮಾತ್ರ ಹೇಳುತ್ತೇನೆ: ಬರೀ ಹಠ.

ಅದು ನಮ್ಮ ಹಳೆಯ ಮಾಲೀಕರ ಕಾರು. ಹಾವೇರಿ ಕಡೆಯಿಂದ ಬಂದು ಬಾಗಲಗುಂಟೆಯ ಒಂದು ರೂಮಿನಲ್ಲಿ ನಾಲ್ವರಿದ್ದ ಕಾಲದಲ್ಲಿ ನಾನು ಅವರ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಓಡಿಸುತ್ತಿದ್ದೆ. ಅದರ ಸದ್ದಿಗೆ ಎದೆಯೇ ಅದುರುತ್ತಿತ್ತು. ಮಾಲೀಕರೂ ಅದನ್ನೇ ಓಡಿಸಿ ಮೇಲೆ ಬಂದವರು. ಅವರ ಕಾರು ಗೇಟಿಗೆ ಬರುವ ಮೊದಲೇ ಹಾಡು ಬರುತ್ತಿತ್ತು. ಮಾತಾಡಿಸಿದರೆ ನಮ್ಮ ಬಾಯಿಯನ್ನೇ ದಿಟ್ಟಿಸುತ್ತಿದ್ದರು. ಗುಟ್ಕಾ ಇದೆಯೇ ಎಂದು ಪರೀಕ್ಷಿಸುತ್ತಾರೆಂದು ಹೆದರಿ ನಾವು ಬಾಯಲ್ಲಿದ್ದದ್ದನ್ನು ನುಂಗಿಬಿಡುತ್ತಿದ್ದೆವು. ಆ ಸಂಕಟ ಅನುಭವಿಸಿದವರಿಗೇ ಗೊತ್ತು.

ಒಂದು ಸಂಜೆ ಗೇಟಿನ ಬಳಿ, ಹಾಡು ಹಾಕಿಕೊಂಡು ಸ್ಟಿಯರಿಂಗ್ ಹಿಡಿದು ಕೂತಿದ್ದ ಅವರ ಕಿಟಕಿಗೆ ಬಗ್ಗಿ ಹೇಳಿದೆ: “ಸರ್, ಅವ್ವಗ ಭಾಳ ಆರಾಮಿಲ್ಲ. ಊರಿಗೆ ಹೋಗಬೇಕ್ರಿ, ರಜಾ ಕೊಡ್ರಿ.” ಅವರು ರಸ್ತೆಯ ಕಡೆಗೇ ನೋಡುತ್ತಿದ್ದರು. ಕಾರು ಹೊರಟೇಹೋಯಿತು. ಇನ್ನೊಮ್ಮೆ ಕೇಳಲು ಸ್ವಾಭಿಮಾನ ಬಿಡಲಿಲ್ಲ. ಎರಡು ದಿನ ಕಾದು, ಮೂರನೆಯ ದಿನ ಹೇಳದೆ ಕೇಳದೆ ಬಸ್ಸು ಹತ್ತಿದೆ. ಊರು ಮುಟ್ಟುವಷ್ಟರಲ್ಲಿ ಅವ್ವನನ್ನು ಮಣ್ಣು ಮಾಡಿ ಮುಗಿದಿತ್ತು. ಮತ್ತೆ ಆ ಕಾರ್ಖಾನೆಗೆ ಕಾಲಿಡಲಿಲ್ಲ.

ಇಪ್ಪತ್ತು ವರ್ಷದ ಮೇಲೆ, ನನ್ನದೇ ಒಂದು ಸಣ್ಣ ಶೆಡ್ ಆದ ಮೇಲೆ, ಅವರು ಕಾರು ಮಾರುತ್ತಿದ್ದಾರೆಂದು ಬ್ರೋಕರ್ ಹೇಳಿದ. ಆ ಸೀಟಿನಲ್ಲಿ ನಾನೊಮ್ಮೆ ಕೂರಲೇಬೇಕು ಎನಿಸಿತು. ಅವರ ಮುಖವನ್ನೂ ನೋಡದೆ ಕೊಂಡೆ. ಇಷ್ಟು ನನ್ನ ದೊಡ್ಡತನ.

ಹಾಡು ಹಾಕಿದರೆ ಬರೀ ಗೊರಗೊರ. ಹಾಗಾಗಿ ಸ್ಪೀಕರ್ ಬದಲಿಸಲು ಪೀಣ್ಯದ ಸಲೀಂ ಭಾಯ್ ಅಂಗಡಿಗೆ ಹೋದೆ. ಅವರು ಬಾಗಿಲುಗಳ ಒಳಹೊದಿಕೆ ಬಿಚ್ಚಿ ಕರೆದರು.

“ಸಾರ್, ಎಡಗಡೆದು ಎರಡೂ ಹರಿದ್ಹೋಗಿದೆ. ಬಲಗಡೆದು ನೋಡಿ, ಹೊಸಾ ಥರ ಇದೆ. ಸೌಂಡೆಲ್ಲಾ ಎಡಕ್ಕೇ ತಿರುಗಿಸಿಟ್ಬಿಟ್ಟಿದ್ರು. ಓಡಿಸ್ತಿದ್ದೋರಿಗೆ ಬಲಗಿವಿ ಕೇಳ್ತಿರ್ಲಿಲ್ವಾ?”

ನಾನು ಹೋಗಿ ಡ್ರೈವರ್ ಸೀಟಿನಲ್ಲಿ ಕೂತು ನೋಡಿದೆ. ಡ್ರೈವರನ ಕಿಟಕಿ ಬಲಕ್ಕೆ. ನಾನು ಬಗ್ಗಿ ಹೇಳಿದ್ದು ಆ ಕಿವಿಗೆ. ಮಾಲೀಕರು ನಮ್ಮ ಬಾಯಿ ನೋಡುತ್ತಿದ್ದದ್ದು ಮಾತು ತಿಳಿಯಲಿಕ್ಕೆ. ನಾವು ಸುಮ್ಮನೆ ಗುಟ್ಕಾ ನುಂಗಿದೆವು. ಇಷ್ಟು ವರ್ಷ ಸಾಕಿಕೊಂಡಿದ್ದ ಸಿಟ್ಟನ್ನು ಈಗ ಎಲ್ಲಿಡಲಿ ಎಂದು ತಿಳಿಯಲಿಲ್ಲ. ತುಂಬ ನಾಚಿಕೆಯಾಯಿತು.

ಸಲೀಂ ಭಾಯ್ ಮೂರು ಜೋಡಿ ತಂದು ಒಂದೊಂದಾಗಿ ಬಾರಿಸಿ ತೋರಿಸಿದರು. “ಬೇಸ್ ಜಾಸ್ತಿ ಇರೋದು ಹಾಕ್ಲಾ? ಎಲ್ರೂ ಅದನ್ನೇ ಕೇಳ್ತಾರೆ.”

“ಬೇಡ. ಮಾತು ಸ್ಪಷ್ಟವಾಗಿ ಕೇಳೋದು ಹಾಕಿ.”

ಆ ಭಾನುವಾರವೇ ಮಾಕಳಿಯಲ್ಲಿದ್ದ ಮಾಲೀಕರ ಮನೆಗೆ ಕಾರು ತೆಗೆದುಕೊಂಡು ಹೋದೆ. ನನ್ನ ಗುರುತು ಹಿಡಿಯಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಕಾರಿನ ಗುರುತು ಕೂಡಲೇ ಹತ್ತಿತು. ಡ್ರೈವರ್ ಸೀಟಿನ ಬಾಗಿಲು ತೆಗೆದು ಕೂರಿಸಿದೆ. ನಾನು ಆಚೆ ಬದಿಗೆ ಹೋಗಿ, ಅವರ ಎಡಕ್ಕೆ ಕೂತೆ. ಹಾಡು ಹಾಕಿದ್ದೇ ಅವರ ಕೈ ತಾನಾಗಿ ಗುಂಡಿಗೆ ಹೋಗಿ ಅದನ್ನು ಎಡಕ್ಕೆ ತಿರುಗಿಸಿತು.

“ಚೆನ್ನಾಗಿದೆ ಕಣಯ್ಯಾ,” ಎಂದು ನಕ್ಕರು.

ಹಾಡು ನಿಲ್ಲಿಸಿ, ನಾನು ಕೆಲಸ ಬಿಟ್ಟ ಕಾರಣ ಹೇಳಿದೆ. ಅವ್ವನ ಕಾಯಿಲೆ, ಎರಡು ದಿನದ ಕಾಯುವಿಕೆ, ಬಸ್ಸು. ಕಿಟಕಿಯ ವಿಷಯವೊಂದನ್ನು ಬಿಟ್ಟೆ. ಅವರು ಸ್ಟಿಯರಿಂಗ್ ಹಿಡಿದುಕೊಂಡೇ ಎಲ್ಲವನ್ನೂ ಕೇಳಿದರು. ಕಣ್ಣು ಒದ್ದೆಯಾಯಿತು.

“ಅಲ್ಲಯ್ಯಾ, ನಂಗೊಂದು ಮಾತು ಹೇಳ್ಬಾರ್ದಿತ್ತಾ? ಇದೇ ಕಾರಲ್ಲಿ ನಾನೇ ಕರ್ಕೊಂಡ್ ಹೋಗ್ತಿದ್ನಲ್ಲಾ.”

ನಾನು ಅವರ ಎಡಗಿವಿಯ ಕಡೆಗೆ ಬಗ್ಗಿದೆ.

“ತಪ್ಪಾತ್ರಿ ಸರ್,” ಎಂದೆ, ಅವರಿಗೆ ಕೇಳುವಷ್ಟು ಜೋರಾಗಿ.