ಕೇಳದೇ ಸಿಕ್ಕ ರಜೆ

ಕಳೆದ ಬುಧವಾರ ನನಗೊಂದು ರಜೆ ಸಿಕ್ಕಿತು. ನಾನು ಕೇಳಿರಲೇ ಇಲ್ಲ.

ಹೊಟ್ಟೆಕಿಚ್ಚು ಪಡಬೇಡಿ, ಕಥೆ ಕೇಳಿ. ವಾರಕ್ಕೊಮ್ಮೆ ಈ ಅಂಕಣದಲ್ಲಿ ನಿಮ್ಮ ತಲೆ ತಿನ್ನುವ ನಾನು ಉಳಿದ ದಿನ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕ್ವಾಲಿಟಿ ಚೆಕರ್. ನಮ್ಮ ಶಿಫ್ಟ್ ಇನ್‌ಚಾರ್ಜ್ ನಂಜುಂಡಪ್ಪನವರು ನಮ್ಮೂರು ಮಧುರೆಯವರೇ, ಅಮ್ಮನ ಕಡೆಯಿಂದ ನನಗೆ ಮಾವ ಆಗಬೇಕು. ಈ ಕೆಲಸ ಕೊಡಿಸಿದವರೂ ಅವರೇ. ಗೇಟಿನ ಹೊರಗೆ ಮಾವ, ಒಳಗೆ ಸರ್.

ಮಂಗಳವಾರ ಮೂರನೇ ಪ್ರೆಸ್ ಮೆಷಿನ್ ಮುಂದೆ ನಿಂತುಬಿಟ್ಟೆ. ಅದರ ಮುಂದೊಂದು ಗಾರ್ಡ್ ಬಾಗಿಲಿದೆ. ಅದು ಮುಚ್ಚಿದರೆ ಮಾತ್ರ ಮೆಷಿನ್ ಓಡಬೇಕು. ಬಾಗಿಲು ತೆರೆದಿದ್ದರೂ ಓಡುವ ಹಾಗೆ ಅದರ ಸ್ವಿಚ್ಚಿಗೆ ಟೇಪ್ ಸುತ್ತಿದ್ದರು. ಟಾರ್ಗೆಟ್ ಬೇಗ ಮುಗಿಯಲಿ ಎಂದು ಸುತ್ತಿಸಿದ್ದು ಮಾವನೇ. ಅಲ್ಲಿ ಕೂರುವವಳು ನಮ್ಮೂರಿನ ಗೀತಾ. ಪ್ರತಿ ಪೀಸಿಗೂ ಅವಳ ಕೈ ಪ್ರೆಸ್ಸಿನ ಕೆಳಗೆ ಹೋಗಿ ಬರುತ್ತಿತ್ತು. 'ಎಲ್ಲ ಸರಿ ಇದೆ' ಎಂದು ಚೆಕ್‌ಲಿಸ್ಟಿಗೆ ಸಹಿ ಹಾಕಬೇಕಾದವಳು ನಾನು.

ಹೋದ ತಿಂಗಳಷ್ಟೇ ಏರ್‌ಪೋರ್ಟ್ ರಸ್ತೆಯ ಹೋಟೆಲಿನಲ್ಲಿ ಕಂಪನಿ ನಮಗೆ ಟ್ರೈನಿಂಗ್ ಕೊಡಿಸಿತ್ತು (ಊಟ ಚೆನ್ನಾಗಿತ್ತು). ಕಷ್ಟದ ಮಾತನ್ನು ಹೊಗಳಿಕೆಯಿಂದ ಶುರು ಮಾಡಿ ಎಂದಿದ್ದರು. ಸರಿ, ಮಾವನ ಟೇಬಲ್ ಮುಂದೆ ನಿಂತು ಊಟ ಆಯ್ತಾ ಸರ್ ಎಂದು ಕೇಳಿದೆ. ನೀವು ಬಂದ ಮೇಲೆ ನಮ್ಮ ಲೈನ್ ಎಷ್ಟು ಶಿಸ್ತಾಗಿದೆ ಎಂದೆ. ಅವರು ತಲೆಯೆತ್ತದೆ ಡ್ರಾಯರ್ ಎಳೆದು ರಜೆ ಚೀಟಿ ತೆಗೆದರು.

"ಯಾವತ್ತು ಬೇಕು? ನಾಳೆನಾ?"

ತಪ್ಪು ಅವರದಲ್ಲ. ನಮ್ಮಲ್ಲಿ ಇನ್‌ಚಾರ್ಜನ್ನು ಯಾರಾದರೂ ಇನ್ಯಾತಕ್ಕೆ ಹೊಗಳುತ್ತಾರೆ? ಗೃಹಪ್ರವೇಶ, ನಾಮಕರಣ, ಮಗುವಿನ ಮುಡಿ, ಎಲ್ಲ ಅರ್ಜಿಯೂ 'ಊಟ ಆಯ್ತಾ ಸರ್' ಎಂದೇ ಶುರುವಾಗುವುದು. ನಾನು ಬಾಯಿ ತೆರೆಯುವಷ್ಟರಲ್ಲಿ ರಜೆ ಚೀಟಿಗೆ ಸಹಿ ಬಿದ್ದಿತ್ತು. ಥ್ಯಾಂಕ್ಯೂ ಸರ್ ಎಂದು ಬಂದುಬಿಟ್ಟೆ. (ಹೌದು, ನಾನೇ. ಊರಿಗೆಲ್ಲ ಬುದ್ಧಿ ಹೇಳುವವಳು.)

ಬುಧವಾರ ಬೆಳಗ್ಗೆ ಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಸುಲಿಯುವ ಬೆರಳು ನೋಡಿದಾಗಲೆಲ್ಲ ಗೀತಾ ನೆನಪಾದಳು. ಅವಳು ಆಗಲೇ ಕೆಲಸ ಶುರು ಮಾಡಿರುತ್ತಾಳೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಕಂಪನಿ ಬಸ್ ಹೋಗಿಯಾಗಿತ್ತು, ತಮ್ಮನ ಸ್ಕೂಟರ್ ತೆಗೆದೆ.

ಮಾವ ಮೂರನೇ ಮೆಷಿನ್ ಹತ್ತಿರವೇ ನಿಂತಿದ್ದರು. ರಜೆ ತಗೊಂಡು ಯಾಕೆ ಬಂದೆ ಎಂದರು. ನಾನು ಊಟದ ಸುದ್ದಿ ಎತ್ತಲಿಲ್ಲ. ಸರ್ ಎಂದೂ ಕರೆಯಲಿಲ್ಲ.

"ಮಾವ, ಈ ಟೇಪ್ ತೆಗೆಸಿ. ಇದು ಇರೋವರ್ಗೂ ನಾನು ಸೈನ್ ಹಾಕಲ್ಲ. ಇವಳ ಕೈ ಹೋದ್ರೆ ಇವರಪ್ಪನ ಮುಂದೆ ನಾವಿಬ್ರೂ ಯಾವ ಮುಖ ಇಟ್ಕೊಂಡು ನಿಂತ್ಕೊಳ್ಳೋದು?"

ಟಾರ್ಗೆಟ್ ನೀನು ಕೊಡ್ತೀಯಾ ಎಂದು ಮಾವ ಗೊಣಗಿದರು. ನಾನು ಜಾಗ ಬಿಟ್ಟು ಕದಲಲಿಲ್ಲ. ಗೀತಾ ಮೆಲ್ಲಗೆ ಎರಡೂ ಕೈ ಹಿಂದೆಳೆದು ಮಡಿಲಲ್ಲಿ ಇಟ್ಟುಕೊಂಡಳು. ಮಾವ ಆ ಕೈಗಳನ್ನು ನೋಡಿದರು. ಮೆಷಿನ್ ಆಫ್ ಮಾಡಿ, ತಾವೇ ಉಗುರಿನಿಂದ ಕೆರೆದು ಟೇಪ್ ಕಿತ್ತರು.

"ಇದನ್ನ ನಿನ್ನೆನೇ ಹೇಳೋಕೇನಾಗಿತ್ತಮ್ಮ?"

ನಿಜ, ಏನಾಗಿತ್ತು? ಹಿರಿಯರಿಗೆ ಎದುರಾಡಬಾರದು ಎಂದು ಕಲಿತವರು ನಾವು. ಎದುರು ನಿಂತು ನೆಟ್ಟಗೆ ಹೇಳಬಾರದು ಎಂದು ಯಾರು ಕಲಿಸಿದರು?

ಅಂದ ಹಾಗೆ, ಆ ರಜೆ ನನ್ನ ಹೆಸರಿನಲ್ಲಿ ಕಟ್ಟಾಗಿದೆ. ನಾಳೆಯೇ ಹೋಗಿ ವಾಪಸ್ ಕೇಳುತ್ತೇನೆ, ಮಾವನ ಊಟ ಆಗಿರಲಿ, ಬಿಡಲಿ.