ಸೋಮವಾರ ಸ್ಟಾರ್ಟ್ ಆಗದ ಕಾರು

ಹೋದ ವಾರ ಹರಿಹರದ ಗ್ಯಾರೇಜೊಂದರಲ್ಲಿ ನನ್ನ ಕಾರಿನ ಬಾನೆಟ್ ಎತ್ತಿದ ಕೂಡಲೇ ಆ ವಾಸನೆ ಬಂತು. ಪೆಟ್ರೋಲು, ಕಾದ ರಬ್ಬರು, ವರ್ಷಗಟ್ಟಲೆ ಕೂತ ಆಯಿಲ್ಲಿನ ಜಿಡ್ಡು, ಅದರ ಮೇಲೆ ಹಿಡಿದ ಧೂಳು, ಎಲ್ಲ ಸೇರಿ ಒಂದೇ ಆದ ವಾಸನೆ. ನನ್ನದೂ ಹಳೇ ಕಾರೇ. ಎಡಗಡೆ ಇಂಡಿಕೇಟರ್ ಹಾಕಿದರೆ ಒಳಗಿನ ದೀಪ ಮಿಣುಕುತ್ತದೆ, ಮೂರು ತಿಂಗಳಿಗೊಮ್ಮೆ ಬ್ಯಾಟರಿ ಕಾರಣವಿಲ್ಲದೆ ಇಳಿದುಹೋಗುತ್ತದೆ. "ಎಷ್ಟಂತ ರಿಪೇರಿ ಮಾಡಸ್ತೀರಿ ಮೇಡಂ, ಕೊಟ್ಟುಬಿಡ್ರಿ ಅತ್ಲಾಗೆ" ಎಂದು ಮೆಕ್ಯಾನಿಕ್ ಪ್ರತಿ ಸಲ ಹೇಳುತ್ತಾನೆ. "ಮೊದಲು ಯಾಕ ಹಿಂಗಾಗ್ತೈತೆ ಹೇಳು, ಆಮೇಲೆ ಕೊಡೋಣ" ಎಂದು ನಾನೂ ಪ್ರತಿ ಸಲ ಹೇಳುತ್ತೇನೆ. ಯಾಕೆ ಎಂದು ಕೇಳುವ ಈ ಚಾಳಿ ನನಗೆ ಚಿಕ್ಕಂದಿನಿಂದ ಇದೆ. ಅದರಿಂದ ಒಮ್ಮೆ ಏನಾಯಿತು ಎನ್ನುವುದನ್ನು ಮಾತ್ರ ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಆವತ್ತು ಗ್ಯಾರೇಜಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಆ ವಾಸನೆಯ ಬೆನ್ನು ಹಿಡಿದು, ದಾವಣಗೆರೆಯ ಕೆ.ಬಿ. ಬಡಾವಣೆಯ ನಮ್ಮ ಹಳೆಯ ಮನೆಗೆ ಹೋಗಿಬಂದೆ. ಆ ಮನೆ ಈಗಿಲ್ಲ, ಅಲ್ಲಿ ಮೂರಂತಸ್ತಿನ ಕಟ್ಟಡ ಎದ್ದಿದೆ.

ಮನೆಯ ಮುಂದೆ ತಗಡಿನ ಶೆಡ್ಡು, ಶೆಡ್ಡಿನೊಳಗೆ ಅಜ್ಜನ ಬಿಳಿ ಕಾರು. ಡಾಕ್ಟರೊಬ್ಬರು ಹತ್ತು ವರ್ಷ ಓಡಿಸಿ ಸಾಕಾಗಿ ಬಿಟ್ಟದ್ದನ್ನು ಅಜ್ಜ, ಹತ್ತಿ ಚೆನ್ನಾಗಿ ಬಂದ ಒಂದು ವರ್ಷ, ಹಾರ ಹಾಕಿ ಮನೆಗೆ ತಂದಿದ್ದ. ಅಬ್ಬಬ್ಬಾ, ಅದಕ್ಕಿದ್ದ ರೋಗಗಳೋ! ಬಲಕ್ಕೆ ತಿರುಗಿಸಿದರೆ ಹಾರ್ನು ತಾನೇ ಕೂಗಿಕೊಳ್ಳುತ್ತಿತ್ತು. ನಮ್ಮ ಬೀದಿಗೆ ಬರಲು ಬಲಕ್ಕೇ ತಿರುಗಬೇಕಾದ್ದರಿಂದ, ಅಜ್ಜ ಬಂದದ್ದು ಬೀದಿಗೆಲ್ಲ ಗೊತ್ತಾಗಿ, ಅಮ್ಮ ಒಳಗೆ ಚಹಾಕ್ಕೆ ನೀರಿಡುತ್ತಿದ್ದಳು. ಬ್ರೇಕ್ ಒತ್ತಿದರೆ ವೈಪರ್ ಎದ್ದು ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ಪೆಟ್ರೋಲ್ ಮುಳ್ಳು ಸದಾ ಟ್ಯಾಂಕ್ ತುಂಬಿದೆ ಎಂದೇ ಸುಳ್ಳು ಹೇಳುತ್ತಿತ್ತು, ಹಾಗಾಗಿ ಅಜ್ಜ ಟ್ಯಾಂಕಿಗೆ ಬಿದಿರು ಕಡ್ಡಿ ಇಳಿಸಿ ನೋಡುತ್ತಿದ್ದ. ಹಿಂದಿನ ಒಂದು ಬಾಗಿಲು ಹೊರಗಿನಿಂದ ಮಾತ್ರ ತೆಗೆಯಲು ಬರುತ್ತಿತ್ತು. ಆ ಕಡೆ ಕೂತವರನ್ನು ಮರೆತು ನಾವೆಲ್ಲ ಮನೆಯೊಳಗೆ ಹೋಗಿ ಕೈಕಾಲು ತೊಳೆದದ್ದೂ ಉಂಟು. ನಿಮ್ಮ ಮನೆಯಲ್ಲೂ ಇಂಥದೊಂದು ಗಾಡಿ ಇದ್ದಿದ್ದರೆ ನಿಮಗೆ ಗೊತ್ತು, ಅದನ್ನು ಬೈಯುತ್ತ ಬೈಯುತ್ತಲೇ ಮನೆಮಂದಿಯ ಲೆಕ್ಕಕ್ಕೆ ಸೇರಿಸಿಬಿಟ್ಟಿರುತ್ತೇವೆ. ನನಗಾಗ ಹತ್ತು ವರ್ಷ. ಅಜ್ಜನ ಪಕ್ಕ ನಿಂತು ಒಂದೊಂದಕ್ಕೂ ಯಾಕೆ ಎಂದು ತಲೆ ತಿನ್ನುತ್ತಿದ್ದೆ. "ವಯಸ್ಸಾಗೈತೆ ಪುಟ್ಟಿ ಇದಕ್ಕ. ಒಂದು ಕಡೆ ಮುಟ್ಟಿದ್ರ ಇನ್ನೊಂದು ಕಡೆ ನೋಯ್ತೈತೆ" ಎನ್ನುತ್ತಿದ್ದ ಅಜ್ಜ.

ರೋಗಕ್ಕೆ ತಕ್ಕ ಮದ್ದುಗಳೂ ಇದ್ದವು. ಹರಿಹರದಲ್ಲಿ ಗ್ಯಾರೇಜ್ ಇಟ್ಟಿದ್ದ ಬಾಷಾ ಮೇಸ್ತ್ರಿ ಅವನ್ನೆಲ್ಲ ನಮಗೆ ಕಲಿಸಿದವನು. ಟ್ಯಾಂಕಿನ ಸಣ್ಣ ತೂತಿಗೆ ಬಟ್ಟೆ ಸೋಪು ತಿಕ್ಕುವುದು, ಬೇಸಿಗೆಯಲ್ಲಿ ಪೆಟ್ರೋಲ್ ಪಂಪು ಕಾದು ಗಾಡಿ ನಿಂತರೆ ಅದರ ಮೇಲೆ ಒದ್ದೆ ಬಟ್ಟೆ ಹಾಕಿ ನೀರು ಹನಿಸುವುದು, ಇಂಥವು. ಅಜ್ಜಿಯನ್ನು ಹರಿಹರೇಶ್ವರನ ದರ್ಶನಕ್ಕೆ ಕರೆದೊಯ್ಯುವಾಗ ಒಮ್ಮೆ ಕಾರು ನಡುದಾರಿಯಲ್ಲಿ ಹೀಗೇ ನಿಂತಿತು. ಅಜ್ಜ ಬಾನೆಟ್ ಎತ್ತಿ, ಅಜ್ಜಿಯ ಚೊಂಬಿನ ನೀರನ್ನು ಪಂಪಿನ ಬಟ್ಟೆಯ ಮೇಲೆ ಹನಿಸಿದ. ಸ್ವಲ್ಪ ಹೊತ್ತಿಗೆ ಎಂಜಿನ್ ಗುರ್ ಎಂದಿತು. ಅಜ್ಜಿ ಬೆರಗಾಗಿ ಇಣುಕಿದಳು. ಒಳಗೆ ನೆತ್ತಿಯಿಂದ ಐದು ದಪ್ಪ ವೈರುಗಳೆದ್ದ ಕರಿಯ ಗುಂಡು ಡಬ್ಬಿಯೊಂದಿತ್ತು. ಅಜ್ಜ ಅದನ್ನು ತೋರಿಸಿ, "ಕಿಡಿ ಹುಟ್ಟಿ ಎಂಜಿನ್ನಿಗೆ ಹೋಗೋದು ಇಲ್ಲಿಂದ್ಲೇ. ಗಾಡಿ ಜೀವ ಇದರಾಗೈತೆ ನೋಡು" ಎಂದ. ಅಜ್ಜಿ ಸೆರಗು ಹೊದ್ದು ಕೈ ಮುಗಿದು, "ಥೇಟ್ ಈಶ್ವರ ಇದ್ದಂಗ ಐತಲ್ರಿ, ಹೆಡೆ ಸಮೇತ!" ಎಂದಳು. ಅಜ್ಜ ರಸ್ತೆಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕ, ನಾನೂ ನಕ್ಕೆ. ಅಜ್ಜಿ ಮಾತ್ರ ನಗಲಿಲ್ಲ ಎನ್ನುವುದು ನನಗೆ ಆಗ ಲಕ್ಷ್ಯಕ್ಕೆ ಬಂದಿರಲಿಲ್ಲ.

ಅದೇ ವರ್ಷ ಶ್ರಾವಣದಲ್ಲಿ ಕಾರು ಹೊಸ ಹಟ ಹಿಡಿಯಿತು. ಕೆಲವು ಬೆಳಿಗ್ಗೆ ಎಷ್ಟು ಕೀ ತಿರುಗಿಸಿದರೂ, ಎಷ್ಟು ತಳ್ಳಿದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ. ಮಳೆಗಾಲದ ಥಂಡಿ ಎಂದುಕೊಂಡೆವು. ಶ್ರಾವಣದ ಮೂರನೇ ಸೋಮವಾರ ಬೆಳಿಗ್ಗೆ ಅಜ್ಜನಿಗೆ ಎದೆ ನೋವು ಬಂತು. ಅಪ್ಪ ಅವನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿ ಕೀ ತಿರುಗಿಸಿದ. ಕಾರು ಕೆಮ್ಮಿತು, ಸುಮ್ಮನಾಯಿತು. ಅಪ್ಪ ಆಕ್ಸಿಲರೇಟರ್ ತುಳಿದ, ಮತ್ತೆ ತುಳಿದ. ಅಕ್ಕಪಕ್ಕದವರು ಬಂದು ಬೀದಿಯ ಕೊನೆಯ ತನಕ ತಳ್ಳಿದರು. ಅಲ್ಲಿ ಆಟೋ ಸಿಕ್ಕು, ಅಜ್ಜನನ್ನು ಅದಕ್ಕೆ ಬದಲಾಯಿಸಿ, ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಇನ್ನೊಂದು ಸ್ವಲ್ಪ ಮುಂಚೆ ತಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ಅಂದರಂತೆ. ಅದನ್ನು ಯಾಕಾದರೂ ಅಂದರೋ! ಅಪ್ಪ ಆ ಮಾತನ್ನು ಹೊತ್ತುಕೊಂಡೇ ಬದುಕಿದ. "ಗಾಬರೀಲಿ ತುಳಿದು ತುಳಿದು ಎಂಜಿನ್ನಾಗ ಪೆಟ್ರೋಲ್ ಜಾಸ್ತಿ ತುಂಬಿಸಿ ಗಾಡಿ ಏಳದಂಗ ಮಾಡಿದೆ. ನಾನೇ ನಮ್ಮಪ್ಪನ್ನ ಕೊಂದೆ" ಎಂದು ಅಮ್ಮನ ಹತ್ತಿರ ಹೇಳುವುದನ್ನು ನಾನು ಕೇಳಿಸಿಕೊಂಡೆ. ಊಟಕ್ಕೆ ಕೂತವನು ಕೈ ಹಾಗೇ ಇಟ್ಟುಕೊಂಡು ಶೆಡ್ಡಿನ ಕಡೆ ನೋಡುತ್ತಿದ್ದ. ಆವತ್ತು ಅದು ಯಾಕೆ ಸ್ಟಾರ್ಟ್ ಆಗಲಿಲ್ಲ ಎನ್ನುವುದು ತಿಳಿದರೆ ಅಪ್ಪ ಮೊದಲಿನಂತಾಗುತ್ತಾನೆ ಎಂದು ನನಗೆ ಬಲವಾಗಿ ಅನ್ನಿಸಿತು.

ಕಾರಿನ ಹಟ ನಿಲ್ಲಲಿಲ್ಲ. ಅಪ್ಪ ಹರಿಹರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ, ಹೋಗುವ ದಾರಿಯಲ್ಲಿ ನನ್ನನ್ನು ಶಾಲೆಗೆ ಬಿಡುತ್ತಿದ್ದ. ಗಾಡಿ ಏಳದ ದಿನ ನಾನು, ಅಮ್ಮ, ಎದುರು ಮನೆಯವರು ಸೇರಿ ತಳ್ಳಿ, ಸೋತು, ಕೊನೆಗೆ ಅಪ್ಪ ಬಸ್ಸಿಗೆ ಓಡುತ್ತಿದ್ದ. ಹೇಳಿ ಕಳಿಸಿದರೆ ಬಾಷಾ ಮೇಸ್ತ್ರಿ ಮಧ್ಯಾಹ್ನಕ್ಕೆ ಬರುತ್ತಿದ್ದ. ಅವನು ಕೀ ತಿರುಗಿಸಿದ್ದೇ ತಡ, ಗಾಡಿ ಹೂವೆತ್ತಿದ ಹಾಗೆ ಎದ್ದುಬಿಡುತ್ತಿತ್ತು! "ನಾನಂದ್ರೆ ಹೆದರ್ತೈತ್ರಿ ಇದು" ಎಂದು ನಗುತ್ತ, ಆ ಕರಿ ಡಬ್ಬಿಯ ಮೇಲಿನ ಬಿಳಿ ಪುಡಿಯನ್ನು ರಸ್ತೆಯ ಧೂಳೆಂದು ಒರೆಸಿ ಹೋಗುತ್ತಿದ್ದ. ಗುಟ್ಟು ಬಿಟ್ಟುಕೊಟ್ಟದ್ದು ನನ್ನ ಯೂನಿಫಾರ್ಮು. "ನೀಲಿ ಲಂಗ ಒಂದೂ ಕೊಳೆ ಆಗಂಗಿಲ್ಲ, ಬಿಳೀದು ಹಾಕಿದ ದಿನಾನೇ ಗ್ರೀಸ್ ಮೆತ್ತಿಕೊಂಡು ಬರ್ತೀಯಲ್ಲೇ, ನಿಂಗೇನು ಬಂದೈತೆ?" ಎಂದು ಅಮ್ಮ ಬಟ್ಟೆ ಕಲ್ಲಿನ ಹತ್ತಿರ ನಿಂತು ಬೈದಳು. ಬಿಳಿ ಯೂನಿಫಾರ್ಮ್ ಹಾಕುವುದು ಸೋಮವಾರ ಮಾತ್ರ. ಅಂದರೆ ಕಾರು ತಳ್ಳಿದ್ದೆಲ್ಲ ಸೋಮವಾರವೇ! ನನಗೆ ಮೈ ಜುಮ್ಮೆಂದಿತು. ಕಬ್ಬಿಣದ ಗಾಡಿಗೆ ವಾರ ಹೇಗೆ ಗೊತ್ತಾಗುತ್ತದೆ?

ಮುಂದಿನ ಸೋಮವಾರ ಬೆಳಕು ಹರಿಯುವ ಮುಂಚೆಯೇ ಎದ್ದು, ಕಿಟಕಿಯ ಪರದೆ ಸರಿಸಿ ಕೂತೆ. ಅಜ್ಜಿ ಎಂದಿನಂತೆ ಮಿಂದು, ಅಂಗಳಕ್ಕೆ ನೀರು ಹಾಕಿ, ರಂಗೋಲಿ ಬಿಟ್ಟಳು. ಸೋಮವಾರ ಅವಳದು ಒಪ್ಪತ್ತು. ಆ ದಿನ ಕಾರಿನ ಮೂತಿಗೂ ಕುಂಕುಮ ಹಚ್ಚುತ್ತಾಳೆ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಗೊತ್ತಿಲ್ಲದ್ದು ಆಮೇಲಿನದು. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ, ಎರಡೂ ಕೈಯಿಂದ ಬಾನೆಟ್ ಎತ್ತಿ, ಸರಳು ಕೊಟ್ಟು ನಿಲ್ಲಿಸಿದಳು. ಕರಿ ಡಬ್ಬಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದಳು. ನಂತರ ತುಟಿ ಅಲುಗಿಸುತ್ತ, ಗಿಂಡಿಯಿಂದ ಸಣ್ಣ ಧಾರೆಯಾಗಿ ಅದರ ನೆತ್ತಿಯ ಮೇಲೆ ನೀರು ಬಿಟ್ಟಳು. ಒಂದು ಗಿಂಡಿಯಲ್ಲ, ಮೂರು. ನಾನು ಬರಿಗಾಲಲ್ಲಿ ಓಡಿ ಹೋಗಿ, "ಏನ್ ಮಾಡಾಕ್ಹತ್ತೀ ಅಜ್ಜೀ?" ಎಂದೆ. ಅವಳು ಬೆಚ್ಚಿದಳು, ಆಮೇಲೆ ನಕ್ಕು ನನ್ನ ಬಾಯಿಯ ಮೇಲೆ ಬೆರಳಿಟ್ಟಳು. "ಗಾಡಿಗೆ ಅಭಿಷೇಕ ಕಣವ್ವಾ. ನಿಮ್ಮಜ್ಜ ಇದ್ದಾಗ ಶ್ರಾವಣದಾಗ ಹರಕೆ ಹೊತ್ತೀನಿ. ಇದು ಕೈ ಕೊಡಬಾರ್ದು, ನಿಮ್ಮಪ್ಪ ಸುಖವಾಗಿ ಹೋಗಿ ಬರಬೇಕು ಅಂತ. ಅದು ನಿಂತಷ್ಟೂ ನಾನು ಒಂದು ಗಿಂಡಿ ಜಾಸ್ತೀನೇ ಹಾಕ್ತೀನಿ."

ಆ ಬೆಳಿಗ್ಗೆಯೂ ಗಾಡಿ ಏಳಲಿಲ್ಲ. ಬಸ್ಸಿಗೆ ಹೊರಟಿದ್ದ ಅಪ್ಪನ ಚೀಲ ಹಿಡಿದು ಶೆಡ್ಡಿಗೆ ಎಳೆದುಕೊಂಡು ಹೋಗಿ, ಕಂಡದ್ದನ್ನು ಒಂದೇ ಉಸಿರಿನಲ್ಲಿ ಹೇಳಿದೆ. ಹೇಳುವಾಗ ನನಗೆ ಎಂಥ ಖುಷಿ! ಅಪ್ಪ ಒಣ ಬಟ್ಟೆಯಿಂದ ಡಬ್ಬಿಯನ್ನೂ ವೈರುಗಳನ್ನೂ ಒರೆಸಿ, ಮುಚ್ಚಳ ತೆಗೆದು ಒಳಗೂ ಒರೆಸಿ, ಕೀ ತಿರುಗಿಸಿದ. ಒಂದೇ ಏಟಿಗೆ ಎದ್ದಿತು. ಅವನು ಸ್ಟೇರಿಂಗ್ ಮೇಲೆ ಹಣೆಯಿಟ್ಟು, "ಹಂಗಾದ್ರ ನಾನಲ್ಲ. ಪುಟ್ಟಿ, ನಾನಲ್ಲ" ಎಂದು ಬಿಕ್ಕಿ ಬಿಕ್ಕಿ ಅತ್ತ. ಅಪ್ಪ ಅಳುವುದನ್ನು ನಾನು ಕಂಡದ್ದು ಅದೊಂದೇ ಸಲ. ಅಷ್ಟರಲ್ಲಿ ಗಾಡಿಯ ಸದ್ದು ಕೇಳಿ ಅಜ್ಜಿ ಅಡಿಗೆಮನೆಯಿಂದ, "ಎದ್ದಿತಾ? ನನ್ನಪ್ಪ ಈಶ್ವರಾ!" ಎಂದು ಕೂಗಿದಳು. ಅಪ್ಪನ ಮುಖ ನೋಡನೋಡುತ್ತ ಬದಲಾಯಿತು. ನಾನಲ್ಲ ಎಂದರೆ ಇನ್ಯಾರು ಎಂಬುದು ಅವನಿಗೆ ಹೊಳೆದದ್ದು ಆಗ, ನನಗೂ ಆಗಲೇ. ನನ್ನ ಖುಷಿ ಎಲ್ಲ ಇಳಿದುಹೋಯಿತು. ಅಪ್ಪ ಕಣ್ಣೊರೆಸಿಕೊಂಡು ನನ್ನ ಭುಜ ಗಟ್ಟಿಯಾಗಿ ಹಿಡಿದ. "ನಮ್ಮವ್ವಗ ಹೇಳಬ್ಯಾಡ. ಯಾವತ್ತೂ ಹೇಳಬ್ಯಾಡ. ನಾನೇ ಅಂತಲೇ ಇರ್ಲಿ" ಎಂದ.

ಮರುದಿನ ಬಾಷಾ ಮೇಸ್ತ್ರಿ ಸೈಕಲ್ ಟ್ಯೂಬು ಕತ್ತರಿಸಿ, ಕರಿ ಡಬ್ಬಿಗೂ ವೈರಿನ ಬುಡಗಳಿಗೂ ಹನಿ ನೀರು ಇಳಿಯದಂತೆ ತೊಡಿಸಿ ಕಟ್ಟಿದ. ಅಭಿಷೇಕದ ವಿಷಯ ಮಾತ್ರ ಅಪ್ಪ ಅವನಿಗೆ ಹೇಳಿದ್ದ, ಅಜ್ಜನ ಸಾವಿಗೂ ಅದಕ್ಕೂ ಇರುವ ಸಂಬಂಧ ಹೇಳಿರಲಿಲ್ಲ. ಅಜ್ಜಿ ಕೇಳಿದ್ದಕ್ಕೆ, ಈಶ್ವರನಿಗೆ ಹೊಸ ಅಂಗಿ ಎಂದೆ. ಮುಂದಿನ ಸೋಮವಾರ ಅವಳು ಮೂರು ಗಿಂಡಿ ನೀರು ಹಾಕಿದಳು, ಗಾಡಿ ಎದ್ದಿತು. ಅದರ ಮುಂದಿನ ಸೋಮವಾರವೂ ಎದ್ದಿತು. ಅಜ್ಜಿಯ ಹಿಗ್ಗು ನೋಡಬೇಕಿತ್ತು! ಎದುರು ಮನೆಗೆಲ್ಲ ಮಂಡಕ್ಕಿ ಉಸುಳಿ ಹಂಚಿದಳು, ಹರಕೆ ಫಲಿಸಿತೆಂದು ಅಪ್ಪನ ಕಾರಿನಲ್ಲೇ ಹರಿಹರಕ್ಕೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬಂದಳು. ಅವಳು ನಗುತ್ತಿದ್ದರೆ ಅಪ್ಪನೂ ನಗುತ್ತಿದ್ದ. ಆ ಒಂದು ವರ್ಷ ನಮ್ಮ ಮನೆ ಚೆನ್ನಾಗಿತ್ತು.

ಅದು ಮುಗಿದದ್ದು ಬಾಷಾ ಮೇಸ್ತ್ರಿಯ ಒಂದು ಒಳ್ಳೆಯ ಮಾತಿನಿಂದ. ಟ್ಯೂಬು ಬದಲಿಸಲು ಬಂದವನು, ಅಜ್ಜಿ ಚಹಾ ತಂದುಕೊಟ್ಟಾಗ ಸಲಿಗೆಯಿಂದ, "ಅಮ್ಮಾರೆ, ಇದಕ್ಕೆ ಒಂದು ಹನಿ ನೀರು ಬಿದ್ರೂ ಗಾಡಿ ಸ್ಟಾರ್ಟ್ ಆಗಲ್ರಿ. ಅದಕ್ಕೇ ಟೋಪಿ ಹಾಕೀನಿ, ಈಗ ಎಷ್ಟು ಬೇಕಾದ್ರೂ ಹಾಕ್ಕೊಳ್ರಿ" ಎಂದ. ಅಜ್ಜಿ, "ಹೌದೇನಪ್ಪಾ" ಎಂದು ಲೋಟ ಇಸಿದುಕೊಂಡು ಒಳಗೆ ಹೋದಳು. ನಾನು ಬಾಗಿಲಲ್ಲೇ ಇದ್ದೆ. ಸಂಜೆ ಅವಳು ಹಿತ್ತಿಲ ಮೆಟ್ಟಿಲ ಮೇಲೆ ಕೂತು ನನ್ನ ತಲೆ ಬಾಚುತ್ತಿದ್ದಳು. ಜಡೆ ಅರ್ಧ ಹೆಣೆದಾಗ ಕೈ ನಿಂತಿತು. "ಪುಟ್ಟಿ, ನಿಮ್ಮಜ್ಜ ಹೋದ ದಿನ ಯಾವ ವಾರನೇ?"

ಬೆನ್ನು ಅವಳ ಕಡೆಗಿದ್ದದ್ದೇ ಪುಣ್ಯ. "ಮಂಗಳವಾರ ಅಜ್ಜಿ" ಎಂದೆ. "ಆವತ್ತು ನಾನು ನೀಲಿ ಲಂಗ ಹಾಕಿದ್ದೆ, ನನಗೆ ನೆನಪೈತೆ."

ಮದುವೆಯಾಗಿ ಬಂದಾಗಿನಿಂದ ಒಂದೂ ಸೋಮವಾರದ ಒಪ್ಪತ್ತು ತಪ್ಪಿಸದವಳು ಅಜ್ಜಿ. ಅಜ್ಜ ಹೋದ ದಿನವೂ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಆ ದಿನದ ವಾರ ಅವಳಿಗಿಂತ ಚೆನ್ನಾಗಿ ಇನ್ನು ಯಾರಿಗೆ ಗೊತ್ತಿರಬೇಕು? ಅವಳು ನನ್ನ ನೆತ್ತಿಗೆ ಮುತ್ತು ಕೊಟ್ಟು, "ಹೌದು ನೋಡು, ಮಂಗಳವಾರನೇ. ನಂಗ ಮರೆತೇ ಹೋಗಿತ್ತು" ಎಂದು ಜಡೆ ಹೆಣೆಯುವುದನ್ನು ಮುಂದುವರಿಸಿದಳು. ಮುಂದಿನ ಸೋಮವಾರದಿಂದ ಅವಳು ಬಾನೆಟ್ ಎತ್ತಲಿಲ್ಲ.

ಮುಂದೆ ಬಂದ ಶ್ರಾವಣದಲ್ಲಿ ಅಜ್ಜನ ತಿಥಿಗೆ ಬಂದ ನೆಂಟರೊಬ್ಬರು ಊಟದ ಪಂಕ್ತಿಯಲ್ಲಿ, ಯಜಮಾನರು ಶ್ರಾವಣ ಸೋಮವಾರ ಶಿವನ ಪಾದ ಸೇರಿದರು, ಪುಣ್ಯವಂತರು ಎಂದರು. ಬಡಿಸುತ್ತಿದ್ದ ಅಪ್ಪನ ಕೈಯ ಸೌಟು ನಿಂತಿತು. ಅಜ್ಜಿ ಅಪ್ಪನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. "ಇಲ್ರೀ, ಮಂಗಳವಾರ" ಎಂದು ಮೆಲ್ಲಗೆ ತಿದ್ದಿದಳು. "ಹೌದು, ಮಂಗಳವಾರ" ಎಂದ ಅಪ್ಪ. ನನಗೋ, ಅಪ್ಪನಿಗೋ, ತನಗೋ, ಯಾರಿಗಾಗಿ ಅವಳು ಆ ಸುಳ್ಳನ್ನು ಉಳಿಸಿಕೊಂಡಳು ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ. ನಾನು ಯಾಕೆ ಎಂದು ಬಾಯಿಬಿಟ್ಟು ಕೇಳದೆ ಬಿಟ್ಟದ್ದು ಅದೊಂದೇ. ಆಮೇಲೆ ಕಾರು ಹೋಯಿತು, ಅಜ್ಜಿ ಹೋದಳು, ಅಪ್ಪ ಅಮ್ಮ ಹೋದರು, ಮನೆ ಹೋಯಿತು. ತಿಥಿ ನಾನೇ ಮಾಡುತ್ತೇನೆ. ಮಕ್ಕಳು ಮುತ್ತಜ್ಜ ಯಾವತ್ತು ತೀರಿಕೊಂಡರು ಎಂದು ಕೇಳಿದರೆ, ಮಂಗಳವಾರ ಎನ್ನುತ್ತೇನೆ.